ಹೈದರನ ರಾಕೆಟ್ ಟೀಮ್

ಬಳ್ಳಾರಿಯಲ್ಲಿ ಹೈದರಾಲಿ ಅಂದ್ರೆ ಎಲ್ಲರೂ ಹೇಳೋದು ಒಂದೇ ಕಥೆ. ಕೋಟೆ ಕಟ್ಟಿಸಲು ಒಬ್ಬ ಫ್ರೆಂಚ್ ಇಂಜಿನಿಯರ್‌ನನ್ನು ಕರೆಸಿದ. ಕಟ್ಟಿ ಮುಗಿದ ಮೇಲೆ ನೋಡಿದರೆ ಪಕ್ಕದ ಕುಂಬಾರ ಗುಡ್ಡವೇ ಕೋಟೆಗಿಂತ ಎತ್ತರ! ಇಂಜಿನಿಯರ್ ಗಲ್ಲಿಗೇರಿದ. ನಮ್ಮ ಸಿವಿಲ್ ಫ್ರೆಂಡ್ಸ್ ಸರ್ವೆ ಲ್ಯಾಬಿಗೆ ಹೋಗುವಾಗಲೆಲ್ಲ ಇದನ್ನು ನೆನಪಿಸುತ್ತೇವೆ. ಆದರೆ ಹೈದರನ ಬಗ್ಗೆ ಇಷ್ಟೇ ಗೊತ್ತಿದ್ದರೆ ಸಾಲದು ಅಂತ ನಮಗೆ ಅನ್ನಿಸಿದ್ದು ರಾಕೆಟ್‌ನಿಂದ.

ನಮ್ಮ ಗುಂಪಿನಲ್ಲಿ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರೂ ಕಡೆಯವರಿದ್ದೇವೆ. ಸಿರುಗುಪ್ಪದಲ್ಲಿ ಭತ್ತ ಕೊಯ್ದ ಗದ್ದೆ ಸಿಕ್ಕಾಗ ಪ್ಲಾಸ್ಟಿಕ್ ಬಾಟಲಿಗೆ ನೀರು ಹಾಕಿ, ಸೈಕಲ್ ಪಂಪಿನಿಂದ ಗಾಳಿ ಒತ್ತಿ ಹಾರಿಸುತ್ತೇವೆ. ಅಮೆರಿಕದಲ್ಲಿ ಟ್ರಿಪೋಲಿ ಅನ್ನೋ ರಾಕೆಟ್ ಸಂಘದವರು ಮರುಭೂಮಿಗೆ ಹೋಗಿ ಆಳೆತ್ತರಕ್ಕಿಂತ ದೊಡ್ಡ ರಾಕೆಟ್ ಹಾರಿಸುತ್ತಾರೆ. ಮೂರು ಹಂತದ ಪರೀಕ್ಷೆ ಪಾಸಾದವರಿಗೆ ಮಾತ್ರ ದೊಡ್ಡ ಮೋಟರ್. ಸಂಬಳ ಯಾರಿಗೂ ಇಲ್ಲ. ಒಬ್ಬರ ರಾಕೆಟ್ ಬಿದ್ದರೆ ಎಲ್ಲರೂ ಹುಡುಕಲು ಹೋಗ್ತಾರೆ. ಇಂಥ ಟೀಮ್ ನಮ್ಮ ಕಡೆ ಯಾವಾಗಲಾದರೂ ಇತ್ತಾ ಅಂತ ಹುಡುಕಿದಾಗ ಸಿಕ್ಕಿದ್ದು ಹೈದರನ ಸೈನ್ಯ. ಅದು ಹವ್ಯಾಸವಲ್ಲ, ಯುದ್ಧ. ಆದರೂ ಕೆಲಸ ಅದೇ.

ಹೈದರ್ ಹುಟ್ಟಿದ್ದು ಸುಮಾರು 1720ರಲ್ಲಿ, ಕೋಲಾರದ ಬೂದಿಕೋಟೆಯಲ್ಲಿ. ಅಪ್ಪ ಫತೇ ಮುಹಮ್ಮದ್ ಆರ್ಕಾಟ್ ನವಾಬನ ಸೈನ್ಯದಲ್ಲಿ 50 ಜನ ರಾಕೆಟ್‌ನವರ ಮುಖ್ಯಸ್ಥನಾಗಿದ್ದ. ಹುಡುಗನಿಗೆ ಮದ್ದಿನ ವಾಸನೆ ಮನೆಯಲ್ಲೇ ಅಭ್ಯಾಸವಾಗಿತ್ತು ಅನ್ನಬಹುದು. ಅಪ್ಪ ಯುದ್ಧದಲ್ಲಿ ಸತ್ತಾಗ ಹೈದರ್ ಇನ್ನೂ ಚಿಕ್ಕವನು. ಓದು ಬರಹ ಕಲಿಯಲೇ ಇಲ್ಲ. ಮೈಸೂರು ಸೈನ್ಯ ಸೇರಿ, 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೆಸರು ಮಾಡಿ, 1761ರ ಹೊತ್ತಿಗೆ ಒಡೆಯರ ರಾಜ್ಯವನ್ನು ತಾನೇ ನಡೆಸುವಷ್ಟು ಬೆಳೆದ. ಒಡೆಯರು ಸಿಂಹಾಸನದಲ್ಲಿ, ಅಧಿಕಾರ ಇವನ ಕೈಯಲ್ಲಿ. 1763ರಲ್ಲಿ ಬಿದನೂರು ಗೆದ್ದು ಅದಕ್ಕೆ ಹೈದರ್ ನಗರ ಅಂತ ಹೆಸರಿಟ್ಟ.

ಬಳ್ಳಾರಿಗೆ ಬಂದದ್ದು 1770ರ ದಶಕದಲ್ಲಿ. ಇಲ್ಲಿನ ಪಾಳೆಯಗಾರ ಆದೋನಿಯ ಬಸಾಲತ್ ಜಂಗ್‌ಗೆ ಕಪ್ಪ ಕೊಡಲ್ಲ ಅಂತ ಹೈದರನ ಸಹಾಯ ಕೇಳಿದ. ಹೈದರ್ ಬಂದ, ಆದೋನಿಯವರನ್ನು ಓಡಿಸಿದ, ಆಮೇಲೆ ಕೋಟೆಯನ್ನು ತಾನೇ ಇಟ್ಟುಕೊಂಡ. ಸಹಾಯ ಕೇಳುವಾಗ ಯಾರನ್ನು ಕೇಳ್ತಿದ್ದೀವಿ ಅಂತ ನೋಡಬೇಕಿತ್ತು ಆ ಪಾಳೆಯಗಾರ!

ಈಗ ರಾಕೆಟ್ ವಿಷಯ. ಆಗ ಯುರೋಪಿನಲ್ಲಿ ರಾಕೆಟ್ ಅಂದ್ರೆ ರಟ್ಟಿನ ಕೊಳವೆ. ಒಳಗೆ ಒತ್ತಡ ಹೆಚ್ಚಿದರೆ ರಟ್ಟು ಒಡೆಯುತ್ತದೆ. ಮೈಸೂರಿನವರು ಕಬ್ಬಿಣದ ಕೊಳವೆ ಬಳಸಿದರು. ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತದೆ, ಹಾಗಾಗಿ ಮದ್ದನ್ನು ಬಿಗಿಯಾಗಿ ತುಂಬಬಹುದು, ಅನಿಲ ಜೋರಾಗಿ ಹೊರಗೆ ಬರುತ್ತದೆ, ರಾಕೆಟ್ ದೂರ ಹೋಗುತ್ತದೆ. ಸುಮಾರು 2 ಕಿಲೋಮೀಟರ್‌ವರೆಗೂ ಹೋಗುತ್ತಿದ್ದವಂತೆ. ನಮ್ಮ ಬಾಟಲಿ ಗದ್ದೆಯ ಬದು ದಾಟಿದರೆ ನಾವು ಕೂಗಾಡ್ತೇವೆ! ಕೊಳವೆಗೆ ಉದ್ದನೆಯ ಬಿದಿರು ಕಟ್ಟುತ್ತಿದ್ದರು. ಅದು ಅಲಂಕಾರಕ್ಕಲ್ಲ, ಹಾರುವಾಗ ತಲೆಕೆಳಗಾಗದಂತೆ ನೇರ ಇಡಲು. ನಾವು ಬಾಟಲಿಗೆ ರಟ್ಟಿನ ರೆಕ್ಕೆ ಅಂಟಿಸೋದೂ ಅದಕ್ಕೇ.

ನಮಗೆ ಹೆಚ್ಚು ಇಷ್ಟವಾದದ್ದು ಆ ಜನ. ಹೈದರನ ಬಳಿ ಸುಮಾರು 1200 ರಾಕೆಟ್‌ನವರಿದ್ದರು. ಕೊಳವೆಯ ದಪ್ಪ ಎಷ್ಟು, ಶತ್ರು ಎಷ್ಟು ದೂರ ಅನ್ನೋದು ನೋಡಿ ಎಷ್ಟು ಓರೆಯಾಗಿ ಇಡಬೇಕು ಅಂತ ಅಲ್ಲೇ ಲೆಕ್ಕ ಹಾಕುತ್ತಿದ್ದರು. ಕ್ಯಾಲ್ಕುಲೇಟರ್ ಇಲ್ಲ, ಎದುರಿಗೆ ಕುದುರೆ ಸೈನ್ಯ. ಕೊಳವೆ ಬಡಿದ ಕಮ್ಮಾರ, ಮದ್ದು ಅರೆದವನು, ಬಿದಿರು ಆರಿಸಿದವನು, ಇವರಲ್ಲಿ ಒಬ್ಬ ಕೆಲಸ ತಪ್ಪಿಸಿದರೂ ಸಾಯುತ್ತಿದ್ದದ್ದು ಬತ್ತಿ ಹಚ್ಚಿದವನು. ಹೈದರನ ಹೆಸರು ಉಳಿಯಿತು, ಇವರಲ್ಲಿ ಯಾರ ಹೆಸರೂ ನಮ್ಮ ಪಠ್ಯದಲ್ಲಿ ಇರಲಿಲ್ಲ. ಇದು ನಮಗೆ ಸರಿ ಅನ್ನಿಸಲ್ಲ.

1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಕಂಪನಿ ಸೈನ್ಯವನ್ನು ಹೈದರ್ ಮತ್ತು ಟಿಪ್ಪು ಸುತ್ತುವರಿದರು. ಕಂಪನಿಯ ಮದ್ದಿನ ಗಾಡಿಗಳು ಸಿಡಿದವು. ಅದಕ್ಕೆ ರಾಕೆಟ್ಟೇ ಕಾರಣ ಅಂತ ಬಹಳ ಜನ ಬರೆದಿದ್ದಾರೆ. ಬೇಲಿ ಸೆರೆಯಾದ.

ಎರಡು ವರ್ಷದ ನಂತರ, 1782ರ ಡಿಸೆಂಬರ್ 7ರಂದು, ಬೆನ್ನಿನ ಹುಣ್ಣಿನಿಂದ ಹೈದರ್ ಚಿತ್ತೂರಿನ ಹತ್ತಿರ ಪಾಳೆಯದಲ್ಲೇ ಸತ್ತ. ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸುದ್ದಿ ಹೊರಬಿದ್ದರೆ ಸೈನ್ಯ ಒಡೆಯುತ್ತದೆ ಅಂತ ಹತ್ತಿರದವರು ಮುಚ್ಚಿಟ್ಟರು. ಶವವನ್ನು ಖಜಾನೆಯ ಪೆಟ್ಟಿಗೆಯಂತೆ ಕೋಲಾರಕ್ಕೆ ಕಳಿಸಿದರು. ಗಲ್ಲಿಗೇರಿಸಿದ ಕಥೆ ನಿಜವಾದರೆ ಅಂಥ ಯಜಮಾನನ ಕೈಕೆಳಗೆ ಕೆಲಸ ಮಾಡಲು ನಮಗಂತೂ ಭಯ. ಆದರೆ ಆ ದಿನಗಳಲ್ಲಿ ಅವನ ಜನ ಬಿಟ್ಟು ಓಡಲಿಲ್ಲ. ಟಿಪ್ಪು ಬರುವವರೆಗೂ ಸೈನ್ಯವನ್ನು ಒಟ್ಟಾಗಿ ಹಿಡಿದಿಟ್ಟರು.

2018ರಲ್ಲಿ ಅದೇ ನಗರದ ಒಂದು ಹಳೆ ಬಾವಿಯಲ್ಲಿ ಹೂಳು ತೆಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ತುಕ್ಕು ಹಿಡಿದಿವೆ, ಆದರೂ ಒಳಗೆ ಮದ್ದು ಇತ್ತು. ಮುಂದಿನ ರಜೆಗೆ ನಾವು ಶಿವಮೊಗ್ಗಕ್ಕೆ ಹೊರಟಿದ್ದೇವೆ. ಬರುವವರು ಹೆಸರು ಕೊಡಿ, ಬಸ್ ಚಾರ್ಜ್ ನಿಮ್ಮದೇ.