ಭಿಕ್ಷುಕನಿಂದ ಪಡೆದ ಆಶೀರ್ವಾದ

ಅಸಿಸಿಯ ಸಂತ ಫ್ರಾನ್ಸಿಸರ ತಂದೆ ಸಿರಿವಂತ ಬಟ್ಟೆ ವ್ಯಾಪಾರಿ. ಮಗ ಎಲ್ಲವನ್ನೂ ತೊರೆದು ಭಿಕ್ಷೆಗಿಳಿದಾಗ ನಾಚಿಕೆಯಿಂದ ಕುದಿದುಹೋದ ಆತ, ಬೀದಿಯಲ್ಲಿ ಕಂಡಾಗಲೆಲ್ಲ ಮಗನನ್ನು ಶಪಿಸುತ್ತಿದ್ದ. ಹೆತ್ತವರ ಶಾಪವೆಂದರೆ ಸಾಮಾನ್ಯವೇ? ಫ್ರಾನ್ಸಿಸರು ಒಬ್ಬ ಬಡ ಭಿಕ್ಷುಕನನ್ನು ತಂದೆಯೆಂದು ಸ್ವೀಕರಿಸಿ ಜೊತೆಯಲ್ಲಿ ಕರೆದುಕೊಂಡು ಹೋಗುತ್ತಿದ್ದರಂತೆ. ಶಾಪ ಕಿವಿಗೆ ಬಿದ್ದಾಗಲೆಲ್ಲ ಆತ ಶಿಲುಬೆಯ ಗುರುತು ಮಾಡಿ ಅವರನ್ನು ಆಶೀರ್ವದಿಸಬೇಕಿತ್ತು. ಸಂಗಡಿಗರ ಹೆಸರಿನಲ್ಲಿರುವ ಹಳೆಯ ಚರಿತ್ರೆ ಹೀಗೆ ತಿಳಿಸುತ್ತದೆ. ತಂದೆ ಮಗ ಮತ್ತೆ ಒಂದಾದರೆಂಬ ಮಾತು ಅದರಲ್ಲಿಲ್ಲ.

ಆಶೀರ್ವಾದದ ಬೆಲೆಯನ್ನು ಹೀಗೆ ಅರಿತವರು ಅವರು. 1224ರಲ್ಲಿ ಲಾ ವೆರ್ನಾ ಬೆಟ್ಟದಲ್ಲಿ ಅವರಿಗೆ ಪಂಚಗಾಯಗಳ ವರ ದೊರೆತ ದಿನಗಳಲ್ಲಿ, ಜೊತೆಗಿದ್ದ ಸಹೋದರ ಲಿಯೋರವರ ಮನಸ್ಸು ಶೋಧನೆಯಿಂದ ಕಲಕಿತ್ತು. ಬಾಯಿಬಿಟ್ಟು ಹೇಳಲು ಸಂಕೋಚ. ಫ್ರಾನ್ಸಿಸರು ಚರ್ಮದ ಹಾಳೆಯೊಂದರ ಒಂದು ಬದಿಗೆ ದೇವಸ್ತುತಿಯನ್ನೂ ಮತ್ತೊಂದು ಬದಿಗೆ ಆರೋನನ ವಂಶದ ಯಾಜಕರು ಇಸ್ರಯೇಲರನ್ನು ಹರಸುತ್ತಿದ್ದ ಆಶೀರ್ವಚನವನ್ನೂ ಸ್ವಹಸ್ತದಿಂದ ಬರೆದು, ಲಿಯೋರವರ ಹೆಸರನ್ನೂ ಸೇರಿಸಿ ಕೊಟ್ಟರು. ಅವರು ಗುರುಪಟ್ಟ ಪಡೆದವರಲ್ಲ. ಮಕ್ಕಳ ಹಣೆಗೆ ಶಿಲುಬೆಯ ಗುರುತಿಡಲು ಹಿಂಜರಿಯುವ ತಂದೆತಾಯಂದಿರು ಇದನ್ನು ಗಮನಿಸಬೇಕು.

1226ರಲ್ಲಿ ಫ್ರಾನ್ಸಿಸರು ಪ್ರಭುವಿನಲ್ಲಿ ನಿದ್ರೆಹೋದರು. ಲಿಯೋ ಆ ಹಾಳೆಯನ್ನು ಮಡಿಸಿ ಕೊನೆಯವರೆಗೂ ತಮ್ಮ ಬಳಿಯಲ್ಲೇ ಇಟ್ಟುಕೊಂಡಿದ್ದರು. ಕೆಂಪು ಶಾಯಿಯಲ್ಲಿ ಲಿಯೋ ಬರೆದ ಟಿಪ್ಪಣಿಯೊಂದಿಗೆ, ಮಡಿಕೆಯ ಗುರುತುಗಳೊಂದಿಗೆ, ಅದು ಇಂದಿಗೂ ಅಸಿಸಿಯಲ್ಲಿದೆ.