ಸೌದೆ ಹೊತ್ತ ವಕೀಲ

ನಿಮ್ಮ ಧರ್ಮಕೇಂದ್ರದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಬಡವರ ಮನೆಗೆ ಹೋಗುವುದನ್ನು ನೋಡಿರುತ್ತೀರಿ. ಆ ಸಭೆ ಹುಟ್ಟಿದ್ದು ಕಾನೂನು ವಿದ್ಯಾರ್ಥಿ ಫ್ರೆಡರಿಕ್ ಓಜನಾಮ್ ಮತ್ತವರ ಗೆಳೆಯರಿಂದ.

1813ರಲ್ಲಿ ಮಿಲಾನಿನಲ್ಲಿ ಹುಟ್ಟಿ, ಲಿಯೋನ್ ನಗರದಲ್ಲಿ ಬೆಳೆದ ಅವರು ಪ್ಯಾರಿಸ್ಸಿಗೆ ಓದಲು ಬಂದರು. ಬಡವರಿಗಾಗಿ ಕ್ರೈಸ್ತರು ಈಗೇನು ಮಾಡುತ್ತಿದ್ದಾರೆಂದು ಚರ್ಚೆಯೊಂದರಲ್ಲಿ ಕೆಲವರು ಕೆಣಕಿದರು. ಅವರು ವಾದಕ್ಕಿಳಿಯಲಿಲ್ಲ, ತಮ್ಮ ಚಳಿಗಾಲಕ್ಕಿಟ್ಟಿದ್ದ ಸೌದೆಯನ್ನು ಬಡ ಕುಟುಂಬವೊಂದಕ್ಕೆ ಹೊತ್ತೊಯ್ದರು. 1833ರ ಏಪ್ರಿಲ್ 23ರಂದು, ತಮ್ಮ 20ನೇ ಹುಟ್ಟುಹಬ್ಬದಂದೇ, ಗೆಳೆಯರೊಡನೆ ಮೊದಲ ಸಭೆ ಸೇರಿದರು. ಬಡವರ ಮನೆಬಾಗಿಲು ತೋರಿಸಿಕೊಟ್ಟವರು ಧರ್ಮಭಗಿನಿ ರೋಸಲಿ ರೆಂಡು.

ಮುಂದೆ ಅವರು ವಕೀಲರಾದರು, ಸೋರ್ಬೋನಿನಲ್ಲಿ ಪ್ರಾಧ್ಯಾಪಕರಾದರು. 1848ರ ಜೂನ್ ದಂಗೆಯಲ್ಲಿ ರಾಷ್ಟ್ರೀಯ ರಕ್ಷಕ ದಳದ ಕಾವಲಿಗೆ ನಿಂತರು. ಎದುರಿಗಿದ್ದವರು ಬಡ ಕಾರ್ಮಿಕರು. ರಕ್ತಪಾತ ತಡೆಯಲು ಮಿತ್ರರೊಡನೆ ಹೋಗಿ ಮಹಾಧರ್ಮಾಧ್ಯಕ್ಷ ಅಫ್ರ್ ಅವರನ್ನು ಸಂಧಾನಕ್ಕೆ ಬೇಡಿಕೊಂಡರು. ಸಂಧಾನಕ್ಕೆ ಹೋದ ಆ ಧರ್ಮಪಾಲರು ಗುಂಡೇಟಿನಿಂದ ಮಡಿದರು. ಆ ನೋವನ್ನು ಹೊತ್ತುಕೊಂಡೇ ಓಜನಾಮ್ ಬಡವರ ಪರ ಬರೆಯುತ್ತಾ ದುಡಿದರು.

1853ರ ಸೆಪ್ಟೆಂಬರ್ 8ರಂದು, 40ರ ಹರೆಯದಲ್ಲೇ, ಪತ್ನಿ ಅಮೆಲಿಯನ್ನೂ ಪುಟ್ಟ ಮಗಳು ಮಾರಿಯನ್ನೂ ಅಗಲಿದರು. 1997ರಲ್ಲಿ ಪೋಪ್ ಎರಡನೇ ಜಾನ್ ಪಾಲರು ಈ ಗೃಹಸ್ಥನನ್ನು ಪುನೀತರೆಂದು ಸಾರಿದರು.

ಕಾಣಿಕೆ ಡಬ್ಬಿಗೆ ಹಣ ಹಾಕುವಾಗ ನೀವೂ ನೆನೆಯಿರಿ: ಅವರು ಸೌದೆಯನ್ನು ಯಾರ ಕೈಯಲ್ಲೋ ಕಳುಹಿಸಲಿಲ್ಲ, ತಾವೇ ಹೊತ್ತು ನಡೆದರು.