ದೀಪಧಾರಿಣಿ ಬಿಡಿಸಿದ ಚಿತ್ರ

ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ರಾತ್ರಿ ದೀಪ ಹಿಡಿದು ಗಾಯಾಳು ಸೈನಿಕರನ್ನು ನೋಡಿಕೊಂಡ ದಾದಿ ಎಂದು ನಾವೆಲ್ಲ ಓದಿದ್ದೇವೆ. ಸಂಖ್ಯಾಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಆ ದೀಪಕ್ಕಿಂತ ಅವರು ಬಿಡಿಸಿದ ಒಂದು ಚಿತ್ರವೇ ಹೆಚ್ಚು ಇಷ್ಟ.

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಶ್ರೀಮಂತ ಇಂಗ್ಲಿಷ್ ಕುಟುಂಬದಲ್ಲಿ ಹುಟ್ಟಿದರು. ಊರಿನ ಹೆಸರೇ ಮಗಳ ಹೆಸರಾಯಿತು. ಮನೆಯವರು ಬೇಡವೆಂದರೂ ದಾದಿಯಾದರು. ಕ್ರಿಮಿಯಾ ಯುದ್ಧದ ವೇಳೆ, 1854ರ ನವೆಂಬರ್‌ನಲ್ಲಿ, 38 ದಾದಿಯರೊಂದಿಗೆ ಸ್ಕುಟಾರಿಗೆ ಬಂದರು. ಅದು ಇಂದಿನ ಇಸ್ತಾಂಬುಲ್‌ನ ಉಸ್ಕುದಾರ್. ತುರ್ಕರು ಬ್ರಿಟಿಷರಿಗೆ ಬಿಟ್ಟುಕೊಟ್ಟ ಸಲೀಮಿಯೆ ಬ್ಯಾರಕ್ಕೇ ಅಲ್ಲಿ ಆಸ್ಪತ್ರೆಯಾಗಿತ್ತು. 1855ರ ಜನವರಿ ಒಂದೇ ತಿಂಗಳಲ್ಲಿ ತಡೆಯಬಹುದಾದ ರೋಗಗಳಿಂದ ಸತ್ತ ಬ್ರಿಟಿಷ್ ಸೈನಿಕರು 2761. ಗಾಯದಿಂದ ಸತ್ತವರು ಕೇವಲ 83.

ಯುದ್ಧ ಮುಗಿದು ಊರಿಗೆ ಮರಳಿದ ಮೇಲೆ ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞರ ನೆರವಿನಿಂದ ಈ ಲೆಕ್ಕಗಳನ್ನು ಜೋಡಿಸಿದರು. ಉದ್ದುದ್ದ ಕೋಷ್ಟಕಗಳನ್ನು ದೊಡ್ಡವರು ಓದುತ್ತಾರೆಯೇ? ಅದಕ್ಕೇ ಚಿತ್ರ. ಸುತ್ತಲೂ ಹನ್ನೆರಡು ತಿಂಗಳು. ರೋಗಕ್ಕೆ ನೀಲಿ, ಗಾಯಕ್ಕೆ ಕೆಂಪು, ಉಳಿದ ಕಾರಣಗಳಿಗೆ ಕಪ್ಪು.

ಮೊದಲು ಬಿಡಿಸಿದ್ದರಲ್ಲಿ ಸಾವಿನ ಪ್ರಮಾಣವನ್ನು ಕೇಂದ್ರದಿಂದಿರುವ ದೂರವಾಗಿ ತೋರಿಸಿದ್ದರು. ಆದರೆ ನೋಡುವವರ ಕಣ್ಣಿಗೆ ಬೀಳುವುದು ಬಣ್ಣ ತುಂಬಿದ ಜಾಗ. ತ್ರಿಜ್ಯ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟು! ಆ ಉತ್ಪ್ರೇಕ್ಷೆ ಅವರ ವಾದಕ್ಕೇ ಅನುಕೂಲವಾಗಿತ್ತು. ಆದರೂ ಅದನ್ನು ಬಿಟ್ಟು, ವಿಸ್ತೀರ್ಣವೇ ಸಾವಿನ ಅಳತೆಯಾಗುವಂತೆ ಮತ್ತೆ ಬಿಡಿಸಿದರು.

ಹಾಗಾದರೂ ಜನ ಸರಿಯಾಗಿ ಓದುತ್ತಾರೆಯೇ? ಇದನ್ನು ಊಹಿಸಿದರೆ ಸಾಲದು, ಕೇಳಿಯೇ ನೋಡಬೇಕು. 1984ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಹಾಗೆಯೇ ಮಾಡಿದರು. ನಕ್ಷೆಯ ಎರಡು ಭಾಗ ತೋರಿಸಿ, ಚಿಕ್ಕದು ದೊಡ್ಡದರ ಶೇಕಡ ಎಷ್ಟು ಎಂದು ಕೇಳಿ, ತಪ್ಪಿದ್ದೆಷ್ಟೆಂದು ಅಳೆದರು. ಒಂದೇ ಗೆರೆಯ ಮೇಲೆ ನಿಂತ ಸ್ತಂಭಗಳನ್ನು ಜನ ಚೆನ್ನಾಗಿ ಹೋಲಿಸಿದರು. ಪೈ ಚಾರ್ಟಿನ ಕೋನಗಳಲ್ಲಿ ಹೆಚ್ಚು ತಪ್ಪಿದರು. ನಾನೂ ಒಂದು ವೃತ್ತ, ಅದರ ಮೂರು ಪಟ್ಟು ವಿಸ್ತೀರ್ಣದ ಇನ್ನೊಂದು ವೃತ್ತ ಬರೆದು ಗೆಳೆಯರಿಗೆ ತೋರಿಸಿದೆ. ಒಬ್ಬೊಬ್ಬರದು ಒಂದೊಂದು ಉತ್ತರ. ಅದನ್ನೇ ಸ್ತಂಭವಾಗಿ ಬರೆದಾಗ ಜಗಳವೇ ಇರಲಿಲ್ಲ.

ನೈಟಿಂಗೇಲ್ 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯೆಯಾದರು. ಕಾಯಿಲೆಯಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದರೂ ಬರೆಯುವುದನ್ನು ನಿಲ್ಲಿಸಲಿಲ್ಲ. ಭಾರತಕ್ಕೆ ಒಮ್ಮೆಯೂ ಬಾರದೆ, ಇಲ್ಲಿನ ಸೇನಾ ಠಾಣೆಗಳಿಗೆ ಪ್ರಶ್ನಾವಳಿ ಕಳುಹಿಸಿ ನೀರು, ಚರಂಡಿಗಳ ಸ್ಥಿತಿಯನ್ನು ತಿಳಿದುಕೊಂಡರು. 1910ರ ಆಗಸ್ಟ್ 13ರಂದು ಲಂಡನ್ನಿನಲ್ಲಿ ತೀರಿಕೊಂಡರು.